ರೋಬೋಟಿಕ್ ಸರ್ಜರಿ ಕಲಿಯೋದು ಹೆಂಗ: ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಜನ್ನರಿಗೆ

ಎಂಎಸ್ ಮುಗಿಸೋ ಹಂತದಾಗಿರೋ ನಮ್ಮ ಕಡೆ ಹುಡುಗ್ರು ಹುಡುಗ್ಯಾರು ಈಗ ಪದೇ ಪದೇ ಕೇಳೋದು ಇದನ್ನ, "ಸರ್, ರೋಬೋಟಿಕ್ ಮಾಡ್ಬೇಕಂದ್ರ ಯಾವ ಸರ್ಟಿಫಿಕೇಟ್ ಬೇಕು, ಎಲ್ಲಿ ಕೊಡ್ತಾರ, ಎಷ್ಟು ದಿನದ ಕೋರ್ಸ್?" ಬಳ್ಳಾರಿ ಮೆಡಿಕಲ್ ಕಾಲೇಜಿನವ್ರು ಇರ್ಲಿ, ರಾಯಚೂರು ರಿಮ್ಸ್‌ನವ್ರು ಇರ್ಲಿ, ಕೊಪ್ಪಳದವ್ರು ಇರ್ಲಿ, ಎಲ್ರೂ ಸರ್ಟಿಫಿಕೇಟಿನಿಂದಾನೇ ಮಾತು ಶುರು ಮಾಡ್ತಾರ. ನನ್ನ ಪ್ರಕಾರ ಅದು ಕಡೀಗೆ ಬರೋ ಮಾತು. ಅದಕ್ಕ ಇಲ್ಲಿ ಮೊದ್ಲಿಂದ ಹಿಡಿದು ನಿಮ್ಮ ಸ್ವತಂತ್ರ ಕೇಸ್ ತನಕ ಏನೇನು ಮಾಡ್ಬೇಕು ಅಂತ ಒಂದೊಂದಾಗಿ ಬರೀತೀನಿ, ಮಷೀನ್ ತರಿಸ್ಬೇಕು ಅಂತ ಯೋಚಿಸ್ತಿರೋ ಇಲ್ಲಿನ ಆಸ್ಪತ್ರೆ ನಡೆಸೋರಿಗೂ ಉಪಯೋಗ ಆಗ್ಬಹುದು.

ಮೊದ್ಲು ಒಂದು ಸ್ಪಷ್ಟ ಆಗ್ಲಿ. ರೋಬೋಟ್ ತಾನಾಗೇ ಏನೂ ಕೊಯ್ಯೋದಿಲ್ಲ, ಕನ್ಸೋಲ್ ಅಂದ್ರ ನಿಯಂತ್ರಣ ಮೇಜಿನ ಮುಂದ ಕುಂತ ಸರ್ಜನ್ ಕೈ ಹೆಂಗ ಆಡ್ತೈತೋ ಒಳಗಿನ ಇನ್ಸ್ಟ್ರುಮೆಂಟ್ ಹಂಗ ಆಡ್ತೈತಿ. ಅಂದ್ರ ಕೆಟ್ಟ ಸರ್ಜರಿ ರೋಬೋಟಿನಿಂದ ಒಳ್ಳೇದಾಗೋದಿಲ್ಲ. ಎರಡನೇದು, ರೋಬೋಟ್ ಮುಟ್ಟಾಕ ಅಂತ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಬೇರೆ ಲೈಸೆನ್ಸ್ ಕೊಡೋದಿಲ್ಲ. ನಿಮ್ಮ ರಿಜಿಸ್ಟ್ರೇಷನ್, ನಿಮ್ಮ ಎಂಎಸ್ ಅಥವಾ ಎಂಸಿಎಚ್, ಅದರ ಮ್ಯಾಲೆ ಆಸ್ಪತ್ರೆ ನಿಮ್ಮ ಟ್ರೇನಿಂಗ್ ಪರಿಶೀಲಿಸಿ ಇಂಥ ಆಪರೇಷನ್ ನೀವು ಮಾಡ್ಬಹುದು ಅಂತ ಬರವಣಿಗೆಯಲ್ಲಿ ಕೊಡೋ ಅನುಮತಿ, ಇದಕ್ಕ ಕ್ರೆಡೆನ್ಷಿಯಲಿಂಗ್, ಪ್ರಿವಿಲೇಜಿಂಗ್ ಅಂತಾರ, ಆಸ್ಪತ್ರೆಗಳ ಗುಣಮಟ್ಟ ನೋಡೋ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಬೇಕಂದ್ರ ಆಸ್ಪತ್ರೆಗಳು ಇದನ್ನ ಮಾಡಲೇಬೇಕು. ಹಂಗಾಗಿ ಕಂಪನಿ ಕೊಡೋ ಸರ್ಟಿಫಿಕೇಟ್ ಒಂದು, ನಿಮ್ಮ ಕೈ ತಯಾರಾಗೇತಿ ಅನ್ನೋ ಪುರಾವೆ ಇನ್ನೊಂದು, ಆಸ್ಪತ್ರೆಯ ಅನುಮತಿ ಮತ್ತೊಂದು. ಈ ಮೂರನ್ನ ಒಂದೇ ಅಂದ್ಕೊಳ್ಳೋದ್ರಿಂದಾನೇ ಪೇಷಂಟಿಗೆ ತೊಂದ್ರಿ ಆಗೋದು.

ಹಂತ 1: ಓಪನ್ ಸರ್ಜರಿ, ಲ್ಯಾಪ್ರೋಸ್ಕೋಪಿ ಗಟ್ಟಿ ಮಾಡ್ಕೊಳ್ರಿ

ಇದನ್ನ ಎಲ್ರೂ ಓಡಿ ದಾಟಾಕ ನೋಡ್ತಾರ. ರೋಬೋಟ್ ಕೇಸಿನೊಳಗ ರಕ್ತ ಚಿಮ್ಮಿದ್ರ ಅಥವಾ ಮಷೀನ್ ಫಾಲ್ಟ್ ತೋರಿಸಿದ್ರ ಇನ್ಸ್ಟ್ರುಮೆಂಟ್ ತಗದು, ರೋಬೋಟಿನ ಆರ್ಮ್ (ತೋಳು) ಬಿಚ್ಚಿ, ಹೊಟ್ಟಿ ತೆರೆದು ನಿಲ್ಸೋರು ನೀವೇ. ಆ ಹೊತ್ತಿನ್ಯಾಗ ಫೋನ್ ಮಾಡಿ ಯಾರನ್ನೋ ಕರಿಯಾಕ ಟೈಮ್ ಇರೋದಿಲ್ಲ. ಇದ್ರಾಗ ನಮ್ಮ ಭಾಗದ ಸರಕಾರಿ ಕಾಲೇಜಿನ ಪಿಜಿಗಳಿಗೆ ಒಂದು ಶಕ್ತಿ ಐತಿ, ರಾತ್ರಿ ಬರೋ ಪರ್ಫೊರೇಷನ್, ಅಬ್‌ಸ್ಟ್ರಕ್ಷನ್, ಹೈವೇ ಮ್ಯಾಲಿನ ಆಕ್ಸಿಡೆಂಟ್ ಕೇಸ್ ಇವುಗಳಿಂದ ಓಪನ್ ಸರ್ಜರಿ ಕೈಗೆ ಚಲೋ ಕೂಡ್ತೈತಿ. 1961ರಾಗ ಶುರುವಾದ ಬಳ್ಳಾರಿ ಕಾಲೇಜಿನ್ಯಾಗ, ನಾವೆಲ್ಲ ಇನ್ನೂ ವಿಮ್ಸ್ ಅಂತಾನೇ ಕರಿಯೋ ಆ ಜಾಗದಾಗ, ಕಲಿತವ್ರು ದೊಡ್ಡ ಊರಿನ ಕಾರ್ಪೊರೇಟ್ ಆಸ್ಪತ್ರೆಗೆ ಹೋದಾಗ ಅಂಜ್ಕೊಳ್ಳೋದು ಬ್ಯಾಡ.

ಲ್ಯಾಪ್ರೋಸ್ಕೋಪಿಗೆ, ಅಂದ್ರ ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡೋ ಆಪರೇಷನ್ನಿಗೆ, ಎಎಂಎಎಸ್‌ಐ ಅನ್ನೋ ಸರ್ಜನ್ನರ ಸಂಘದ ಎಫ್‌ಎಂಎಎಸ್ ಕೋರ್ಸ್ ಐತಿ, ಇನ್ನೂ ಆಳಕ್ಕ ಹೋಗ್ಬೇಕಂದ್ರ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎಫ್‌ಎನ್‌ಬಿ ಮಿನಿಮಲ್ ಆಕ್ಸೆಸ್ ಸರ್ಜರಿ, ಅದು 2 ವರ್ಷದ್ದು. ಆಮೇಲೆ ಅಂಗ ಮೊದ್ಲು ಆರಿಸ್ರಿ, ಮಷೀನ್ ಆಮೇಲೆ. ಯೂರಾಲಜಿ, ಕ್ಯಾನ್ಸರ್ ಸರ್ಜರಿ, ಗ್ಯಾಸ್ಟ್ರೋ ಅಂತ ನೀಟ್ ಎಸ್‌ಎಸ್ ಬರೆದು 3 ವರ್ಷದ ಎಂಸಿಎಚ್ ಮಾಡಿದವ್ರಿಗೆ ರೋಬೋಟ್ ಒಂದು ಉಪಕರಣ ಆಗಿ ಸಿಗ್ತೈತಿ. ಸುಮ್ನ "ನಾನು ರೋಬೋಟಿಕ್ ಸರ್ಜನ್" ಅಂದ್ರ ಯಾವ ರೋಗಕ್ಕ ಅಂತ ಕೇಳಿದಾಗ ಉತ್ತರ ಇರೋದಿಲ್ಲ.

ಹಂತ 2: ಮಷೀನ್ ಪರಿಚಯ

ಮೂರು ಭಾಗ ಇರ್ತಾವ. ಸರ್ಜನ್ ಕನ್ಸೋಲ್, ಪೇಷಂಟ್ ಪಕ್ಕ ನಿಲ್ಲೋ ಕಾರ್ಟ್, ಕ್ಯಾಮೆರಾ ಮತ್ತು ಎನರ್ಜಿ (ಅಂಗಾಂಶ ಸುಟ್ಟು ರಕ್ತ ನಿಲ್ಸೋ ಕರೆಂಟಿನ ಸಾಧನ) ಇರೋ ವಿಷನ್ ಕಾರ್ಟ್. 2000ದಾಗ ಅಮೆರಿಕದ ಔಷಧ, ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೆದ ಡಾ ವಿಂಚಿ ಎಲ್ರಿಗೂ ಗೊತ್ತಿರೋ ಹೆಸರು, ಈಗ ಮೆಡ್‌ಟ್ರಾನಿಕ್ ಕಂಪನಿಯ ಹ್ಯೂಗೋ ಐತಿ, ಸಿಎಂಆರ್ ಕಂಪನಿಯ ವರ್ಸಿಯಸ್ ಐತಿ, ನಮ್ಮ ದೇಶದ್ದೇ ಆದ ಎಸ್‌ಎಸ್‌ಐ ಮಂತ್ರ ಐತಿ. ಒಂದ್ರಾಗ ತಲಿ ಒಳಗಿಟ್ಟು ನೋಡೋ ಕನ್ಸೋಲ್, ಇನ್ನೊಂದ್ರಾಗ ಎದುರು ಸ್ಕ್ರೀನ್, ಒಂದ್ರಾಗ ಎಲ್ಲಾ ಆರ್ಮ್ ಒಂದೇ ಕಂಬಕ್ಕ, ಇನ್ನೊಂದ್ರಾಗ ಒಂದೊಂದು ಆರ್ಮ್‌ಗೆ ಒಂದೊಂದು ಗಾಡಿ. ಹಂಗಾಗಿ ಒಂದು ಮಷೀನ್ ಮ್ಯಾಲೆ ಕಲಿತದ್ದು ಇನ್ನೊಂದಕ್ಕ ಪೂರ್ತಿ ಸಾಗೋದಿಲ್ಲ, ಡಾಕಿಂಗ್ (ಪೇಷಂಟಿಗೆ ಹಾಕಿದ ಪೋರ್ಟ್ ಕೊಳವೆಗಳಿಗೆ ಆರ್ಮ್ ಜೋಡಿಸೋದು), ಪೆಡಲ್, ಎಮರ್ಜೆನ್ಸಿ ಕ್ರಮ ಎಲ್ಲಾ ಮತ್ತ ಹೊಸದಾಗಿ ಕಲೀಬೇಕು.

ಕಂಪನಿಯ ಆನ್‌ಲೈನ್ ಪಾಠ ನೋಡಿ, ಅದರ ಪರೀಕ್ಷೆ ಬರೆದು ಮುಗಿಸ್ರಿ, ಅದು ಸರಳ. ಆದ್ರ ಬಯೋಮೆಡಿಕಲ್ ಎಂಜಿನಿಯರ್ ಜೊತಿ ಕುಂತು ಇವನ್ನ ಬಾಯಿಪಾಠ ಮಾಡ್ರಿ: ಕರೆಂಟ್ ಹೋದ್ರ ಏನಾಗ್ತೈತಿ, ಇನ್ಸ್ಟ್ರುಮೆಂಟಿನ ದವಡಿ ಒಳಗ ಅಂಗ ಹಿಡ್ಕೊಂಡೇ ಮಷೀನ್ ನಿಂತ್ರ ಕೈಯಿಂದ ಹೆಂಗ ಬಿಡಿಸ್ಬೇಕು, ಆರ್ಮ್ ಡಾಕ್ ಆದ ಮ್ಯಾಲೆ ಟೇಬಲ್ ಯಾಕ ಅಲುಗಾಡಿಸ್ಬಾರ್ದು, ಮಷೀನ್ ಜೊತಿ ಹೊಂದಿಕೊಂಡು ಚಲಿಸೋ ಟೇಬಲ್ ಇದ್ರ ಮಾತ್ರ ಅದಕ್ಕ ವಿನಾಯಿತಿ ಅನ್ನೋದು.

ಹಂತ 3: ಸಿಮ್ಯುಲೇಟರ್

ಇಲ್ಲಿ ಎಷ್ಟು ತಾಸು ಕುಂತ್ರಿ ಅನ್ನೋದು ಲೆಕ್ಕ ಅಲ್ಲ, ನಿಗದಿ ಮಾಡಿದ ಸ್ಕೋರ್ ಮುಟ್ಟಿದ್ರೋ ಇಲ್ಲೋ, ಮುಟ್ಟಿದ ಮ್ಯಾಲೆ ಅದನ್ನ ಮತ್ತ ಮತ್ತ ಮುಟ್ತೀರೋ ಇಲ್ಲೋ ಅನ್ನೋದು ಲೆಕ್ಕ. ಅಮೆರಿಕದಾಗ ಬೇರೆ ಬೇರೆ ಸ್ಪೆಷಾಲಿಟಿಯವ್ರು ಕೂಡಿ ಫಂಡಮೆಂಟಲ್ಸ್ ಆಫ್ ರೋಬೋಟಿಕ್ ಸರ್ಜರಿ ಅನ್ನೋ ಪಠ್ಯಕ್ರಮ ಮಾಡ್ಯಾರ, ರಿಂಗ್ ತಗದು ಗೋಪುರಕ್ಕ ಹಾಕೋದು, ಗಂಟು ಹಾಕೋದು, ಹಳಿ ಥರ ಹೊಲಿಗಿ ಹಾಕೋದು, ನಾಲ್ಕನೇ ಆರ್ಮ್ ಬಳಸಿ ಕತ್ತರಿಸೋದು, ಸಣ್ಣ ರಕ್ತನಾಳ ಬಿಡಿಸಿ ಎನರ್ಜಿಯಿಂದ ಮುಚ್ಚೋದು ಇಂಥವು ಅದ್ರಾಗ ಬರ್ತಾವ. ಇದನ್ನ ಪರೀಕ್ಷಿಸಿದ ಬಹುಕೇಂದ್ರ ಅಧ್ಯಯನ 2020ರಾಗ ಆನಲ್ಸ್ ಆಫ್ ಸರ್ಜರಿ ಪತ್ರಿಕೆಯೊಳಗ ಬಂದೈತಿ, ಅಭ್ಯಾಸ ಮಾಡಿ ನಿಗದಿತ ಮಟ್ಟ ಮುಟ್ಟಿದವ್ರ ಕೈ ಉಳಿದವ್ರಿಗಿಂತ ಚಲೋ ಇತ್ತು.

ಅಭ್ಯಾಸ ಮಾಡುವಾಗ ಬರೇ ಟೈಮ್ ನೋಡ್ಬ್ಯಾಡ್ರಿ. ಇನ್ಸ್ಟ್ರುಮೆಂಟ್ ಕ್ಯಾಮೆರಾದ ಆಚಿಗೆ ಎಷ್ಟು ಸಲ ಹೋತು, ಎರಡು ಒಂದಕ್ಕೊಂದು ಎಷ್ಟು ಸಲ ಬಡಿದ್ವು, ಬೇಕಾದ್ದಕ್ಕಿಂತ ಜಾಸ್ತಿ ಬಲ ಎಲ್ಲಿ ಹಾಕಿದ್ರಿ, ಇವು ಮೂರು ನೋಡ್ರಿ, ನಿಜವಾದ ಹೊಟ್ಟಿಯೊಳಗ ಕರುಳಿಗೆ ತೂತು ಬೀಳೋದು ಇಂಥದ್ರಿಂದಾನೇ. ಒಳಗಿನ ಇನ್ಸ್ಟ್ರುಮೆಂಟ್ ಅಲುಗದಂಗ ತಡೆಯೋ ಕ್ಲಚ್ ಪೆಡಲ್ ಬಳಸ್ದೆ ಕೈ ಅಗಲ ಮಾಡ್ಕೊಂಡು ಕಷ್ಟಪಡೋ ಹೊಸಬ್ರು ಬಹಳ, ಕ್ಲಚ್ ಒತ್ತಿ ಕೈ ವಾಪಸ್ ಆರಾಮ ಜಾಗಕ್ಕ ತರೋದು ರೂಢಿ ಆಗ್ಬೇಕು. ಇನ್ನೊಂದು, ಬಹುಪಾಲು ಮಷೀನಿನ್ಯಾಗ ಮುಟ್ಟಿದ ಅನುಭವ ಕೈಗೆ ಬರೋದಿಲ್ಲ. 2024ರಾಗ ಎಫ್‌ಡಿಎ ಒಪ್ಪಿಗೆ ಪಡೆದ ಡಾ ವಿಂಚಿ 5ರಾಗ ಬಲದ ಫೀಡ್‌ಬ್ಯಾಕ್ ಬಂದೈತಿ, ಆದ್ರ ನಿಮಗ ಸಿಗೋದು ಹಳೇ ಮಾಡೆಲ್ ಅಂತಾನೇ ತಿಳ್ಕೊಳ್ರಿ. ದಾರ ಎಷ್ಟು ಬಿಗಿ ಆತು ಅನ್ನೋದನ್ನ ಕಣ್ಣಿಂದ ಓದ್ಬೇಕು, ಅಂಗಾಂಶ ಬಿಳಚಿಕೊಂಡ್ತಾ, ದಾರ ನೆಟ್ಟಗ ಆತಾ, ಹೊಲಿಗಿ ಹತ್ರ ಅಂಗಾಂಶ ಸುಕ್ಕಾತಾ. ಇದು ಬರೋದಕ್ಕ ಟೈಮ್ ಹಿಡೀತೈತಿ, ಅದಕ್ಕ ಒಂದೇ ವಾರಾಂತ್ಯದಾಗ ಇಡೀ ದಿನ ಕುಂದ್ರೋದಕ್ಕಿಂತ ದಿನಾ ಸ್ವಲ್ಪ ಸ್ವಲ್ಪ ಮಾಡೋದು ಕೈಗೆ ಹತ್ತತೈತಿ.

ಇಲ್ಲಿ ಊರಾಗ ಸಿಮ್ಯುಲೇಟರ್ ಸಿಗ್ಲಿಲ್ಲಂದ್ರ ಲ್ಯಾಪ್ರೋಸ್ಕೋಪಿ ಬಾಕ್ಸ್ ಟ್ರೇನರ್ ಮ್ಯಾಲೆ ಹೊಲಿಗಿ ಹಾಕೋದು ಬಿಡ್ಬ್ಯಾಡ್ರಿ, ಡಿಪಾರ್ಟ್‌ಮೆಂಟ್ ಕಡೆಯಿಂದ ಕಂಪನಿಗೆ ಪತ್ರ ಬರೆದು ಕೆಲವು ದಿನಕ್ಕ ಡೆಮೋ ಸಿಮ್ಯುಲೇಟರ್ ಕಳಿಸ್ರಿ ಅಂತ ಕೇಳ್ರಿ.

ಹಂತ 4: ಬೆಡ್‌ಸೈಡ್ ಅಸಿಸ್ಟೆಂಟ್ ಆಗ್ರಿ

ಈ ಹಂತಕ್ಕ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡ್ತೀನಿ. ಕನ್ಸೋಲ್ ದೂರ ಇರ್ತೈತಿ, ಪೇಷಂಟ್ ಪಕ್ಕ ನಿಂತವ್ರೇ ಪೋರ್ಟ್ ಹಾಕೋದು, ಡಾಕ್ ಮಾಡೋದು, ಇನ್ಸ್ಟ್ರುಮೆಂಟ್ ಬದಲಿಸೋದು, ಸಕ್ಷನ್, ಕ್ಲಿಪ್ ಎಲ್ಲಾ. ಪೋರ್ಟ್ ಸ್ವಲ್ಪ ಆ ಕಡೆ ಈ ಕಡೆ ಬಿದ್ರ ಹೊರಗ ಆರ್ಮ್‌ಗಳು ಜಗಳ ಆಡ್ತಾವ, ಒಳಗ ಕೈ ಮುಟ್ಟೋದಿಲ್ಲ, ಇದನ್ನ ಪಕ್ಕದಾಗ ನಿಂತು ಅನುಭವಿಸಿದವ್ರಿಗೇ ಗೊತ್ತು. ತಲಿ ಕೆಳಗ ಮಾಡಿ ಬಹಳ ಹೊತ್ತು ಮಲಗಿಸಿದ ಪೇಷಂಟಿಗೆ ಉಸಿರಾಟದ ಒತ್ತಡ, ಮುಖದ ಬಾವು, ಕಣ್ಣಿನ ಒತ್ತಡ, ಭುಜದ ನರಕ್ಕ ಬೀಳೋ ಒತ್ತಡ ಇವನ್ನ ಅನಸ್ಥೇಷಿಯಾ ಡಾಕ್ಟ್ರು ಹೆಂಗ ನೋಡ್ಕೋತಾರ ಅನ್ನೋದೂ ಅಲ್ಲೇ ತಿಳಿಯೋದು.

ಇದಕ್ಕ ಊರು ಬಿಡ್ಬೇಕಾಗ್ತೈತಿ, ಅದು ಖರೇ. ರಾಯಚೂರಿನವ್ರಿಗೆ ಹೈದರಾಬಾದ್ ಹತ್ರ, ಬಳ್ಳಾರಿ ಕೊಪ್ಪಳದವ್ರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ವಾರಕ್ಕೊಮ್ಮೆ ಕೇಸ್ ನೋಡಿ ಬರಬಹುದು, ಆದ್ರ ನೋಡೋದು ಬೇರೆ ಕೈ ಹಾಕೋದು ಬೇರೆ, ಕಡೀಗೆ ಫೆಲೋಶಿಪ್ ಬೇಕೇ ಬೇಕು. ಭಾರತದಾಗ ವಟ್ಟಿಕುಟಿ ಫೌಂಡೇಷನ್ ಒಂದು ವರ್ಷದ ರೋಬೋಟಿಕ್ ಫೆಲೋಶಿಪ್ ಸ್ಟೈಪೆಂಡ್ ಕೊಟ್ಟು ನಡೆಸ್ತೈತಿ, ದೊಡ್ಡ ಆಸ್ಪತ್ರೆಗಳೂ ತಮ್ಮ ತಮ್ಮದು ನಡೆಸ್ತಾವ.

ಫೆಲೋಶಿಪ್ ಸೇರೋ ಮೊದ್ಲು ಸಂಕೋಚ ಬಿಟ್ಟು ಇಷ್ಟು ಕೇಳ್ರಿ, ಹಳೇ ಫೆಲೋಗಳಿಗೆ ಫೋನ್ ಮಾಡಿ ಕೇಳಿದ್ರ ಇನ್ನೂ ಚಲೋ:

- ಕನ್ಸೋಲ್ ಮ್ಯಾಲೆ ಫೆಲೋ ನಿಜವಾಗ್ಲೂ ಎಷ್ಟು ಹೊತ್ತು ಕುಂದ್ರತಾರ, ಇಲ್ಲಾ ವರ್ಷಪೂರ್ತಿ ಸಕ್ಷನ್ ಹಿಡೀತಾರಾ?
- ಡ್ಯುಯಲ್ ಕನ್ಸೋಲ್ ಐತಾ? ಇದ್ರ ಗುರುಗಳು ಪಕ್ಕದ ಕನ್ಸೋಲಿನಿಂದ ಕೂಡಲೇ ಕಂಟ್ರೋಲ್ ತಗೋಬಹುದು, ಅದಕ್ಕ ಕಲಿಯೋರಿಗೆ ಧೈರ್ಯದಿಂದ ಬಿಟ್ಟುಕೊಡ್ತಾರ.
- ನಿಮ್ಮ ಕೇಸಿನ ವಿಡಿಯೋ ಯಾರಾದ್ರೂ ಕುಂತು ನಿಮ್ಮ ಜೊತಿ ನೋಡ್ತಾರಾ?
- ಮುಗಿದ ಮ್ಯಾಲೆ ಕೊಡೋ ಪತ್ರದಾಗ ಯಾವ ಹಂತ ನೀವು ಮಾಡಿದ್ರಿ ಅಂತ ಬರೀತಾರಾ, ಇಲ್ಲಾ ಬರೇ ಹಾಜರಾತಿನಾ?

ಹಂತ 5: ಕಂಪನಿ ಟ್ರೇನಿಂಗ್

ಲ್ಯಾಬಿನ್ಯಾಗ ಪ್ರಾಣಿ ಅಥವಾ ಶವದ ಮ್ಯಾಲೆ ಡಾಕಿಂಗ್‌ನಿಂದ ಹಿಡಿದು ಹೊಲಿಗಿ ತನಕ ಮಾಡಿಸಿ ಸರ್ಟಿಫಿಕೇಟ್ ಕೊಡ್ತಾರ. ಇದು ಬೇಕು, ಆಸ್ಪತ್ರೆ ಕೇಳೋದೂ ಇದನ್ನ. ಆದ್ರ ಅದ್ರಾಗ ಬರೆದದ್ದನ್ನ ಓದಿ ನೋಡ್ರಿ, ಸಿಸ್ಟಮ್ ಬಳಸೋ ತರಬೇತಿ ಮುಗಿಸ್ಯಾರ ಅಂತ ಇರ್ತೈತಿ, ಪ್ರಾಸ್ಟೇಟ್ ತಗಿಯಾಕ ಬರ್ತೈತಿ ಅಂತ ಇರೋದಿಲ್ಲ. ಟ್ರ್ಯಾಕ್ಟರ್ ಶೋರೂಮಿನವ್ರು ಗೇರು, ಬ್ರೇಕು, ಹೈಡ್ರಾಲಿಕ್ ತೋರಿಸಿ ಕಳಿಸ್ತಾರ, ಎರಿ ಹೊಲದಾಗ ಹದ ನೋಡಿ ರಂಟಿ ಹೊಡಿಯೋದನ್ನ ಕಲಿಸೋದು ಅವ್ರ ಕೆಲಸ ಅಲ್ಲ.

ಇದು ಕೋರ್ಟ್ ತನಕ ಹೋದ ವಿಷಯ. ಅಮೆರಿಕದ ವಾಷಿಂಗ್ಟನ್ ರಾಜ್ಯದಾಗ 2008ರಾಗ ಒಬ್ಬ ಸರ್ಜನ್ ಪ್ರಾಕ್ಟರ್ (ಪಕ್ಕ ನಿಂತು ಸಲಹೆ ಕೊಡೋ ಅನುಭವಿ) ಇಲ್ಲದೆ ಮಾಡಿದ ಮೊದಲ ರೋಬೋಟಿಕ್ ಪ್ರಾಸ್ಟೇಟ್ ಕೇಸ್ ಕೆಡ್ತು. ಓಪನ್ ವಿಧಾನದಾಗ ಆ ಸರ್ಜನ್ ಅನುಭವಿನೇ. ಪೇಷಂಟಿನ ತೂಕ ಬಹಳ ಇತ್ತು, ಶುರುವಿನ ಕೇಸಿಗೆ ಅಂಥವ್ರನ್ನ ಆರಿಸ್ಬ್ಯಾಡ್ರಿ ಅಂತ ಕಂಪನಿಯ ಸೂಚನೆನೂ ಇತ್ತು. 2017ರಾಗ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದು, ಅಪಾಯದ ಎಚ್ಚರಿಕೆ ಸರ್ಜನ್‌ಗೆ ಕೊಟ್ರ ಸಾಲದು, ಮಷೀನ್ ಕೊಂಡ ಆಸ್ಪತ್ರೆಗೂ ಕೊಡ್ಬೇಕು, ಯಾಕಂದ್ರ ಯಾರು ಅದನ್ನ ಬಳಸ್ಬಹುದು ಅಂತ ನಿರ್ಧರಿಸೋದು ಆಸ್ಪತ್ರೆ.

ಹಂತ 6: ಕನ್ಸೋಲ್ ಮ್ಯಾಲೆ, ತುಂಡು ತುಂಡಾಗಿ

ಇಡೀ ಆಪರೇಷನ್ ಒಮ್ಮೆಲೇ ಮಾಡಾಕ ಹೋಗ್ಬ್ಯಾಡ್ರಿ. ಯುರೋಪಿನ ಯೂರಾಲಜಿ ಸಂಘದ ರೋಬೋಟಿಕ್ ವಿಭಾಗ ಪ್ರಾಸ್ಟೇಟ್ ಆಪರೇಷನ್ನನ್ನ ಹಂತ ಹಂತ ಒಡೆದು, ಸರಳ ಇದ್ದದ್ದನ್ನ ಮೊದ್ಲು ಕೊಟ್ಟು, ನರ ಉಳಿಸೋದು, ಮೂತ್ರಕೋಶಕ್ಕ ಮೂತ್ರ ಹೊರಹೋಗೋ ನಾಳ ಜೋಡಿಸೋದು ಇಂಥ ಕಠಿಣ ಹಂತಗಳನ್ನ ಕಡೀಗೆ ಕೊಡೋ ಕ್ರಮ ಮಾಡೈತಿ. ಪಿತ್ತಕೋಶಕ್ಕೂ ಇದೇ ಅನ್ವಯಿಸ್ಕೋಬಹುದು, ಮೊದ್ಲು ಲಿವರ್ ಹಾಸಿಗೆಯಿಂದ ಬಿಡಿಸೋದು, ಪಿತ್ತಕೋಶದ ನಾಳ, ರಕ್ತನಾಳ ಇರೋ ಕಾಲೋ ತ್ರಿಕೋನದ ಕೆಲಸ ಆಮೇಲೆ.

ಪ್ರತಿ ಹಂತಕ್ಕೂ ಮಾರ್ಕ್ಸ್ ಬೇಕು. 2012ರಾಗ ಬಂದ ಜಿಯರ್ಸ್ ಅನ್ನೋ ಸ್ಕೋರ್ ಜಗತ್ತಿನ ತುಂಬ ಬಳಸ್ತಾರ, ಆರು ವಿಷಯ ಇರ್ತಾವ: ಆಳದ ಅಂದಾಜು, ಎರಡೂ ಕೈ ಹೊಂದಾಣಿಕೆ, ದಕ್ಷತೆ, ಬಲದ ಎಚ್ಚರ, ಸ್ವಂತ ಮಾಡೋ ಸಾಮರ್ಥ್ಯ, ರೋಬೋಟ್ ಹಿಡಿತ. ಒಂದೊಂದಕ್ಕ 1ರಿಂದ 5, ಒಟ್ಟು 30. ಗುರುಗಳು ಎದುರಿಗೆ ನಿಂತು "ಚಲೋ ಮಾಡಿದಿ" ಅನ್ನೋದಕ್ಕಿಂತ ಹೆಸರು ಮುಚ್ಚಿದ ವಿಡಿಯೋ ಬೇರೆ ಊರಿನ ಸರ್ಜನ್‌ಗೆ ಕಳಿಸಿ ಹಾಕಿಸಿದ ಮಾರ್ಕ್ಸ್‌ಗೆ ತೂಕ ಜಾಸ್ತಿ. ಪೇಷಂಟಿನ ಗುರುತು ವಿಡಿಯೋದಾಗ ಇರ್ಬಾರ್ದು, ಒಪ್ಪಿಗೆನೂ ತಗೊಂಡಿರ್ಬೇಕು.

ಹಂತ 7: ಪ್ರಾಕ್ಟರ್ ಇದ್ದಾಗಿನ ಕೇಸ್

ಪ್ರಾಕ್ಟರ್ ಅಂದ್ರ ಸಾಮಾನ್ಯವಾಗಿ ನಿಂತು ನೋಡಿ ಸಲಹೆ ಕೊಡೋರು, ಪ್ರಿಸೆಪ್ಟರ್ ಅಂದ್ರ ಬೇಕಾದ್ರ ತಾವೇ ಕೈ ಹಾಕೋರು. ನಿಮ್ಮ ಆಸ್ಪತ್ರೆಗೆ ಬರೋರು ಇವೆರಡ್ರಾಗ ಯಾರು, ಅವ್ರಿಗೆ ನಿಮ್ಮ ಆಸ್ಪತ್ರೆಯೊಳಗ ಆಪರೇಷನ್ ಮಾಡೋ ಅನುಮತಿ ಐತೋ ಇಲ್ಲೋ, ಕೇಸಿನ ಹಿಂದಿನ ದಿನಾನೇ ಬರವಣಿಗೆಯಲ್ಲಿ ಆಗ್ಬೇಕು.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಾಗ 2015ರಾಗ ರೋಬೋಟ್ ಬಳಸಿ ಹೃದಯದ ಮೈಟ್ರಲ್ ಕವಾಟ ಸರಿಮಾಡುವಾಗ ನಡೆದದ್ದನ್ನ ಪ್ರತಿ ಹೊಸ ರೋಬೋಟಿಕ್ ಟೀಮ್ ಓದ್ಬೇಕು. ಪೇಷಂಟ್ ತೀರಿಕೊಂಡ್ರು, 2018ರ ವಿಚಾರಣೆಯೊಳಗ ಹೊರಗ ಬಂದದ್ದು, ಸರ್ಜನ್‌ಗೆ ಇನ್ನೂ ತರಬೇತಿ ಬೇಕಿತ್ತು, ಮಾರ್ಗದರ್ಶನಕ್ಕ ಬಂದಿದ್ದ ಇಬ್ಬರು ತಜ್ಞರು ಆಪರೇಷನ್ ನಡುವೇನೇ ಹೊರಟು ಹೋಗಿದ್ರು, ಈ ವಿಧಾನದ ಶುರುವಿನ ಕೇಸ್ ಆಗಿದ್ದಕ್ಕ ಅಪಾಯ ಜಾಸ್ತಿ ಅನ್ನೋದು ಪೇಷಂಟಿಗೆ ಗೊತ್ತಿರ್ಲಿಲ್ಲ. ಅದಕ್ಕ ನಮ್ಮ ಕಡೆ ಹೊಸದಾಗಿ ಶುರು ಮಾಡೋರು ಒಂದು ನಿಯಮ ಹಾಕ್ಕೊಳ್ರಿ, ಆರ್ಮ್ ಬಿಚ್ಚಿ, ಪೇಷಂಟ್ ರಿಕವರಿಗೆ ಹೋಗೋತನಕ ಪ್ರಾಕ್ಟರ್ ಕಟ್ಟಡ ಬಿಡ್ಬಾರ್ದು. ಸಂಜಿ ವಿಮಾನ, ರೈಲು ಇದ್ರ ಆ ದಿನ ಕೇಸ್ ಇಡ್ಬ್ಯಾಡ್ರಿ. ಮೊದಲ ಕೇಸ್‌ಗಳಿಗೆ ಹಿಂದ ಹೊಟ್ಟಿ ಆಪರೇಷನ್ ಆಗಿರದ, ತೂಕ ಜಾಸ್ತಿ ಇರದ, ಬೇರೆ ಕಾಯಿಲೆ ಕಡಿಮಿ ಇರೋ ಪೇಷಂಟ್ ಆರಿಸ್ರಿ. ಪರಿಚಯದ ದೊಡ್ಡ ಮನುಷ್ಯರು "ನಮ್ದೇ ಮೊದ್ಲು ಮಾಡ್ರಿ" ಅಂತ ಒತ್ತಾಯ ಮಾಡಿದ್ರೂ ಇದನ್ನ ಸಡಿಲ ಮಾಡ್ಬ್ಯಾಡ್ರಿ.

ದೂರದಿಂದ ಸ್ಕ್ರೀನ್ ಮ್ಯಾಲೆ ಮಾರ್ಗದರ್ಶನ ಆಗೋದಿಲ್ಲೇನು ಅಂತ ಕೇಳ್ತಾರ. ತಂತ್ರಜ್ಞಾನ ಹೊಸದಲ್ಲ, 2001ರ ಸೆಪ್ಟೆಂಬರ್‌ನಾಗ ನ್ಯೂಯಾರ್ಕ್‌ನಾಗ ಕುಂತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಪೇಷಂಟಿನ ಪಿತ್ತಕೋಶ ತಗದಾರ. ನಮ್ಮಂಥ ದೂರದ ಜಿಲ್ಲೆಗೆ ಇದು ಮುಂದ ಬಹಳ ಉಪಯೋಗ ಆಗ್ತೈತಿ ಅನ್ನೋ ನಂಬಿಕೆ ನನಗೈತಿ. ಆದ್ರ ಮೊದಲ ಕೇಸ್‌ಗಳಿಗೆ ಮಾತ್ರ ಮನುಷ್ಯ ಥಿಯೇಟರ್ ಒಳಗೇ ಇರ್ಬೇಕು, ಲೈನ್ ಕಟ್ ಆದಾಗ ಹೊಟ್ಟಿ ತೆರಿಯೋರು ಸ್ಕ್ರೀನ್ ಮ್ಯಾಲೆ ಇದ್ರ ಏನೂ ಮಾಡಾಕ ಆಗೋದಿಲ್ಲ.

ಹಂತ 8: ಆಸ್ಪತ್ರೆಯ ಅನುಮತಿ

ಮಷೀನ್ ಬರೋಕಿಂತ ಮೊದ್ಲು ಕಮಿಟಿ ಆಗ್ಬೇಕು. ಹಿರಿಯ ಸರ್ಜನ್, ಅನಸ್ಥೇಷಿಯಾದವ್ರು, ಥಿಯೇಟರ್ ಸಿಸ್ಟರ್ ಇನ್‌ಚಾರ್ಜ್, ಬಯೋಮೆಡಿಕಲ್‌ನವ್ರು, ಜೊತಿಗೆ ಹೊರಗಿನ ಒಬ್ಬ ಅನುಭವಿ ರೋಬೋಟಿಕ್ ಸರ್ಜನ್. ಮಷೀನಿನ ಕಂತು ಕಟ್ಟೋ ಚಿಂತಿ ಇರೋ ಮ್ಯಾನೇಜ್ಮೆಂಟ್ ಒಂದೇ ಕುಂತು ನಿರ್ಧಾರ ಮಾಡ್ಬಾರ್ದು, ಕೇಸ್ ಸಂಖ್ಯೆ ಏರಿಸೋ ಒತ್ತಡ ಮೊದಲ ವರ್ಷದಾಗೇ ಬರ್ತೈತಿ.

ಅನುಮತಿ ಆಪರೇಷನ್‌ವಾರು ಇರ್ಲಿ, "ರೋಬೋಟಿಕ್ ಸರ್ಜರಿಗೆ ಅನುಮತಿ" ಅಂತ ಒಟ್ಟಾಗಿ ಕೊಡ್ಬ್ಯಾಡ್ರಿ. ಹರ್ನಿಯಾಕ್ಕ ಸಿಕ್ಕದ್ದು ರೆಕ್ಟಮ್ ಕ್ಯಾನ್ಸರ್‌ಗೆ ಸಾಗೋದಿಲ್ಲ. ಮೊದ್ಲು ತಾತ್ಕಾಲಿಕ, ಪ್ರಾಕ್ಟರ್ ವರದಿ, ವಿಡಿಯೋ ಮಾರ್ಕ್ಸ್, ಫಲಿತಾಂಶ ನೋಡಿ ಪೂರ್ತಿ. ಕನಿಷ್ಠ ಕೇಸ್ ಸಂಖ್ಯೆ ಇಟ್ಕೊಳ್ರಿ, ಆದ್ರ ಸಂಖ್ಯೆ ಮುಟ್ಟಿದ ಕೂಡಲೇ ಪಾಸ್ ಅಂತ ಮಾಡ್ಬ್ಯಾಡ್ರಿ, ಒಬ್ಬೊಬ್ರ ಕೈ ಒಂದೊಂದು ವೇಗದಾಗ ಪಳಗ್ತೈತಿ.

ಕಮಿಟಿಗೆ "ಬ್ಯಾಡ" ಅನ್ನೋ ಅಧಿಕಾರನೂ ಇರ್ಬೇಕು. ಗರ್ಭಕೊರಳಿನ ಕ್ಯಾನ್ಸರ್‌ಗೆ ಮಾಡೋ ರ‍್ಯಾಡಿಕಲ್ ಹಿಸ್ಟರೆಕ್ಟಮಿಯೊಳಗ ಲ್ಯಾಪ್ರೋಸ್ಕೋಪಿ, ರೋಬೋಟ್ ವಿಧಾನದವ್ರಿಗಿಂತ ಓಪನ್ ಮಾಡಿಸಿಕೊಂಡವ್ರು ಜಾಸ್ತಿ ಬದುಕಿದ್ದು 2018ರ ಲ್ಯಾಕ್ ಅಧ್ಯಯನದಾಗ ಕಂಡ್ತು, 3 ವರ್ಷದ ಲೆಕ್ಕದಾಗ ಶೇ 93.8 ವಿರುದ್ಧ ಶೇ 99.0. ನಮ್ಮ ಹಳ್ಳಿ ಹೆಣ್ಮಕ್ಕಳಿಗೆ ಈ ಕ್ಯಾನ್ಸರ್ ಕಡಿಮಿ ಇಲ್ಲ, ಮಷೀನ್ ಐತಿ ಅಂತ ಬಳಸೋ ಮೊದ್ಲು ಈ ಅಂಕಿ ಕಣ್ಮುಂದ ಇರ್ಲಿ.

ಹಂತ 9: ಪೇಷಂಟಿಗೆ ಹೇಳೋದು

ಕನ್ಸೆಂಟ್ ಫಾರ್ಮ್ ಕನ್ನಡದಾಗ ಇರ್ಲಿ, ರಾಯಚೂರು ಕಡೆ ತೆಲುಗು, ಉರ್ದು ಮಾತಾಡೋರಿಗೆ ಅವ್ರ ಮಾತಿನ್ಯಾಗ ಹೇಳ್ರಿ. ಇದು ನಿಮ್ಮ ಎಷ್ಟನೇ ರೋಬೋಟಿಕ್ ಕೇಸು, ಪಕ್ಕದಾಗ ಯಾರಿರ್ತಾರ, ಹೊಟ್ಟಿ ತೆರಿಯೋ ಸಂದರ್ಭ ಬರಬಹುದು, ರೋಬೋಟ್ ಇಲ್ಲದೆ ಏನು ದಾರಿ ಐತಿ, ಎರಡ್ರ ಖರ್ಚಿನ ವ್ಯತ್ಯಾಸ ಎಷ್ಟು. ಅವರು ಕೇಳ್ಲಿಲ್ಲಂದ್ರೂ ಹೇಳ್ರಿ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಆರೋಗ್ಯ ವಿಮೆಯೊಳಗ ರೋಬೋಟಿಕ್ ಸರ್ಜರಿನ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸೈತಿ, ಆದ್ರ ಪಾಲಿಸಿಯೊಳಗ ಇದಕ್ಕ ಮಿತಿ ಇರಬಹುದು, ಬಂಗಾರ ಒತ್ತಿ ಇಟ್ಟು ಬರೋ ಮನೆತನದವ್ರಿಗೆ ಬಿಲ್ ಕೊಡೋ ದಿನ ಇದು ತಿಳಿದ್ರ ಬಹಳ ಅನ್ಯಾಯ.

ಆಮೇಲೆ

ಫೈಲ್ ಒಂದು ಇಡ್ರಿ: ಆನ್‌ಲೈನ್ ಪಾಠದ ದಾಖಲೆ, ಸಿಮ್ಯುಲೇಟರ್ ಸ್ಕೋರ್, ಅಸಿಸ್ಟ್ ಮಾಡಿದ ಕೇಸ್ ಪಟ್ಟಿ, ಕನ್ಸೋಲ್ ಮ್ಯಾಲೆ ಮಾಡಿದ ಹಂತಗಳ ಪಟ್ಟಿ, ಪ್ರಾಕ್ಟರ್ ವರದಿ, ಮತ್ತ ಪ್ರತಿ ಕೇಸಿನ ಕನ್ಸೋಲ್ ಸಮಯ, ರಕ್ತಸ್ರಾವ, ಓಪನ್ ಮಾಡ್ಬೇಕಾತೋ ಇಲ್ಲೋ, 30 ಮತ್ತು 90 ದಿನದೊಳಗಿನ ತೊಂದ್ರಿ. ದೂರದ ಹಳ್ಳಿಯಿಂದ ಬಂದವ್ರು ಫಾಲೋಅಪ್‌ಗೆ ಬರದೇ ಇರಬಹುದು, ಹಂಗಾಗಿ ಎರಡು ಫೋನ್ ನಂಬರ್ ತಗೊಂಡು ನೀವೇ ಫೋನ್ ಮಾಡ್ಸಿ ಕೇಳ್ರಿ, ಬರದವ್ರನ್ನ ಆರಾಮ ಅದಾರ ಅಂತ ಬರ್ಕೊಂಡ್ರ ನಿಮ್ಮ ಆಡಿಟ್ ಸುಳ್ಳಾಗ್ತೈತಿ.

ಅನುಮತಿ ವರ್ಷಕ್ಕೊಮ್ಮೆ ಮತ್ತ ಪರಿಶೀಲನೆಗೆ ಬರ್ಲಿ. ಹೆರಿಗೆ ರಜೆ, ಕಾಯಿಲೆ, ವರ್ಗಾವಣೆ, ಮಷೀನ್ ರಿಪೇರಿ, ಕಾರಣ ಯಾವ್ದೇ ಇರ್ಲಿ, ಕೆಲವು ತಿಂಗಳು ಕನ್ಸೋಲ್ ಮುಟ್ಟಿಲ್ಲಂದ್ರ ಸಿಮ್ಯುಲೇಟರ್‌ಗೆ ವಾಪಸ್ ಹೋಗಿ ಹಳೇ ಸ್ಕೋರ್ ಮುಟ್ಟಿ, ಮೊದಲ ಕೇಸಿಗೆ ಹಿರಿಯರನ್ನ ಪಕ್ಕದಾಗ ಕುಂದರ್ಸಿಕೊಂಡು ಶುರು ಮಾಡ್ರಿ. ಇಬ್ಬರು ಸಿಸ್ಟರ್, ಒಬ್ಬ ಟೆಕ್ನಿಷಿಯನ್‌ಗೂ ನಿಮ್ಮ ಜೊತಿಗೇ ಟ್ರೇನಿಂಗ್ ಕೊಡ್ಸಿ, ಎಮರ್ಜೆನ್ಸಿ ಅನ್‌ಡಾಕಿಂಗ್ ಡ್ರಿಲ್ ಡಮ್ಮಿ ಇಟ್ಟು ತಪ್ಪದೇ ಮಾಡಿಸ್ರಿ, ಗಡಿಯಾರ ಹಿಡಿದು, ಯಾರು ಇನ್ಸ್ಟ್ರುಮೆಂಟ್ ತಗೀತಾರ, ಯಾರು ಕಾರ್ಟ್ ಹಿಂದಕ್ಕ ಎಳೀತಾರ, ಓಪನ್ ಟ್ರೇ ಎಲ್ಲಿರ್ತೈತಿ ಅಂತ ಹೆಸರು ಹಾಕಿ ಗೋಡಿ ಮ್ಯಾಲೆ ಅಂಟಿಸ್ರಿ.